ಅಮ್ಮಿಗೆ ಎರಡು ದಿನ ರಜೆ

ನಮ್ಮೂರು ಹರಪನಹಳ್ಳಿ ತಾಲೂಕಿನ ತೆಲಿಗಿ. ಸುತ್ತಲೂ ಮೆಕ್ಕೆಜೋಳದ ಹೊಲ, ಮೇಲೆ ಬಿಸಿಲು. ಅಬ್ಬಾ ಕೆಲಸಕ್ಕೆಂದು ದಾವಣಗೆರೆಗೆ ಹೋಗಿಬರುತ್ತಾರೆ, ನಾನು ಕಾಲೇಜಿಗೆ. ಅಮ್ಮಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಲೆ ಬಿಟ್ಟರೆ ಹೊಲಿಗೆ ಮಷಿನ್, ಮಷಿನ್ ಬಿಟ್ಟರೆ ಒಲೆ.

ನನ್ನ ಖಾಲು ಚಿಕ್ಕಮಗಳೂರಿನ ಬಳಿ ಒಂದು ಕಾಫಿ ತೋಟದಲ್ಲಿ ರೈಟರ್. ಖಾಲಾ ವರ್ಷಗಳಿಂದ ಕರೆಯುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಶನಿವಾರ, ಭಾನುವಾರ ಎರಡೂ ದಿನ ರಜೆ ಸಿಕ್ಕಿತು. ನಾನು ಹಟ ಹಿಡಿದು ಅಮ್ಮಿಯನ್ನು ಹೊರಡಿಸಿದೆ. ದಾವಣಗೆರೆಯಿಂದ ಬೀರೂರಿನವರೆಗೆ ರೈಲು, ಆಮೇಲೆ ಬಸ್ಸು. ಶುಕ್ರವಾರ ರಾತ್ರಿ ತಲುಪಿದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

ಬೆಳಿಗ್ಗೆ ಫಜರ್ ನಮಾಜ್ ಮುಗಿಸಿದ ಅಮ್ಮಿ ಪೊರಕೆ ಹುಡುಕತೊಡಗಿದರು. ಖಾಲಾ ಕಸಿದುಕೊಂಡು, "ಆಪಾ, ಎರಡು ದಿನ ನೀವು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ" ಎಂದರು. ಅಮ್ಮಿ ಮೆಟ್ಟಿಲ ಮೇಲೆ ಕುಳಿತರು. ಎದುರಿಗೆ ಬಾಬಾಬುಡನ್ ಗಿರಿಯ ಸಾಲು, ಕೆಳಗೆ ಮಂಜು. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುತ್ತಾರೆ. ಅದನ್ನು ಹೇಳುತ್ತಾ ಖಾಲು ಕಾಫಿ ಲೋಟ ಕೊಟ್ಟರು. ಕುಡಿದು ಮುಗಿಸಿದ ಅಮ್ಮಿ ನನ್ನನ್ನು ಮೆಲ್ಲಗೆ ಕೇಳಿದರು: "ಈಗ ನಾನು ಏನು ಮಾಡಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಕೂರುವುದು ಹೇಗೆಂದು ಅಮ್ಮಿಗೆ ಗೊತ್ತಿರಲಿಲ್ಲ.

ತೋಟದಲ್ಲಿ ಹಣ್ಣು ಕೊಯ್ಲು ನಡೆದಿತ್ತು. ಸಿಲ್ವರ್ ಮರಗಳ ನೆರಳಿನಲ್ಲಿ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣು ಬಿಡಿಸುತ್ತಿದ್ದರು. ಸಂಜೆ ಒಬ್ಬೊಬ್ಬರ ಹಣ್ಣನ್ನೂ ತೂಗಿ ಖಾಲು ಪುಸ್ತಕದಲ್ಲಿ ಬರೆದುಕೊಂಡರು. ಅಮ್ಮಿ ನೋಡುತ್ತಾ ನಿಂತಿದ್ದು, "ಪಾಪ, ಇವರೂ ಈಗ ಮನೆಗೆ ಹೋಗಿ ಒಲೆ ಹಚ್ಚಬೇಕಲ್ಲ" ಎಂದರು. ಅದನ್ನು ಬರೆದುಕೊಳ್ಳುವ ಪುಸ್ತಕ ಎಲ್ಲೂ ಇಲ್ಲ.

ನಾವು ಅರ್ಥಶಾಸ್ತ್ರದಲ್ಲಿ ಓದಿದ್ದೇವೆ: ಗೃಹಿಣಿಯರು ಮನೆಯಲ್ಲಿ ಮಾಡುವ ಕೆಲಸಕ್ಕೆ ಹಣ ಸಿಗುವುದಿಲ್ಲ, ಆದ್ದರಿಂದ ಅದು ಜಿಡಿಪಿ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಯಲ್ಲಿ ಈ ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆದರೆ ಅಮ್ಮಿ ಎಷ್ಟು ಗಂಟೆಗೆ ಏಳುತ್ತಾರೆಂದು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ.

ಭಾನುವಾರ ಅಮ್ಮಿ ಯಾರೂ ಹೇಳದೆ ತಾವೇ ಮೆಟ್ಟಿಲ ಮೇಲೆ ಹೋಗಿ ಕುಳಿತರು. ಬಿಸಿಲೇರಿ ಮಂಜು ಕರಗುವವರೆಗೂ ಏಳಲಿಲ್ಲ. ಖಾಲಾ ಜೊತೆ ಚಿಕ್ಕಂದಿನ ಮಾತು ತೆಗೆದು ನಕ್ಕರು. ಅಮ್ಮಿ ಹಾಗೆ ಬಾಯಿ ತುಂಬ ನಗುವುದನ್ನು ನಾನು ಕೇಳಿದ್ದು ಅಪರೂಪ.

ಊರಿಗೆ ಮರಳಿದ ಮೇಲೆ ಎಲ್ಲ ಮೊದಲಿನಂತೆಯೇ ಶುರುವಾಯಿತು. ಒಂದು ಮಾತ್ರ ಬದಲಾಗಿದೆ. ಭಾನುವಾರ ಬೆಳಗಿನ ಚಹಾ, ಪಾತ್ರೆ ನನ್ನ ಪಾಲು. ಗೆಳೆಯರೇ, ಬೆಟ್ಟಕ್ಕೆ ಹೋಗಲು ದುಡ್ಡು ಬೇಕು, ರಜೆ ಬೇಕು. ಇದಕ್ಕೆ ಎರಡೂ ಬೇಡ. ಮೊದಲ ದಿನ ನನ್ನ ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು. ಅಮ್ಮಿ ಬಾಗಿಲ ಬಳಿ ಕುಳಿತು, ಏನೂ ಅನ್ನದೆ, ಪೂರ್ತಿ ಕುಡಿದರು.