ಜಾವಾಕ್ಕೆ ತೊಡಿಸಿದ ಒಡವೆ

ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ನಿತ್ಯವೂ ಹೋಗಿಬರುತ್ತಿದ್ದ ಆ ಮನೆಯ ಯಜಮಾನರಿಗೆ ಎರಡರಲ್ಲಿ ಅಚಲವಾದ ನಂಬಿಕೆಯಿತ್ತು. ಒಂದು, ಎಪ್ಪತ್ತೇಳು ಮಲೆಯ ಒಡೆಯ ಮಾದೇಶ್ವರ, ಇನ್ನೊಂದು, ಜಾವಾ. ಚೆಕ್ ದೇಶದ ಈ ಗಾಡಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗತೊಡಗಿ, 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹಸ್ತದಿಂದಲೇ ಅದರ ಕಾರ್ಖಾನೆಯ ಉದ್ಘಾಟನೆಯಾಯಿತೆಂದ ಮೇಲೆ, ಸುತ್ತಲ ಸೀಮೆಯವರು ಅದನ್ನು ತಮ್ಮ ಮನೆಯದೆಂದೇ ಭಾವಿಸಿದ್ದರಲ್ಲಿ ಆಶ್ಚರ್ಯವೇನು? ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಿಸಿ ಗೇರು ಹಾಕುವ ಆ ಹಳೆಯ ಗಾಡಿಯ ಹಿಂದೆ ಕುಳಿತು, ಮದುವೆಯಾದ ಹೊಸದರಲ್ಲಿ, ಆ ಮನೆಯಾಕೆ ಹನೂರಿನ ಮಾರ್ಗವಾಗಿ ಬೆಟ್ಟಕ್ಕೆ ಹೋಗಿಬಂದಿದ್ದರು. ಅದೊಂದು ಪಯಣದ ವರ್ಣನೆಯನ್ನು ಅವರ ಮಗ ಎಷ್ಟು ಸಲ ಕೇಳಿದ್ದನೋ ಲೆಕ್ಕವಿಲ್ಲ.

ಆದರೆ ಗಾಡಿ ಮನೆಯಲ್ಲಿ ಉಳಿಯಲಿಲ್ಲ. ಮಗನ ಓದಿನ ಖರ್ಚಿಗೆಂದು ಅದನ್ನು ಮಾರಿದರು. ಕೊಂಡವನು ತಳ್ಳಿಕೊಂಡು ಹೋಗುವಾಗ ಯಜಮಾನರು ಹಿತ್ತಲಿನಲ್ಲಿದ್ದರಂತೆ, ಹೊರಗೆ ಬರಲಿಲ್ಲ. ಮೈಸೂರಿನ ಕಾರ್ಖಾನೆಯೂ 1996ರಲ್ಲಿ ಬಾಗಿಲು ಮುಚ್ಚಿತು. ಯಜಮಾನರು 2017ರಲ್ಲಿ ತೀರಿಕೊಂಡರು. ಮರು ವರ್ಷದ ನವೆಂಬರಿನಲ್ಲಿ ಜಾವಾ ಹೊಸ ಜನ್ಮವೆತ್ತಿ ಮಾರುಕಟ್ಟೆಗೆ ಬಂದಾಗ, ಅಷ್ಟರಲ್ಲಿ ಬ್ಯಾಂಕೊಂದರ ನೌಕರಿಯಲ್ಲಿದ್ದ ಮಗ ಹಿಂದುಮುಂದು ನೋಡದೆ ಹಣ ಕಟ್ಟಿದ. ಕೊರತೆ ಬಿದ್ದ ಮೊತ್ತವನ್ನು ತಾಯಿ ತಮ್ಮ ಗಂಟಿನಿಂದ ಬಿಚ್ಚಿಕೊಟ್ಟರು. 2019ರ ಕೊನೆಯ ಭಾಗದಲ್ಲಿ ಗಾಡಿ ಮನೆಗೆ ಬಂದಿತು. ಚಕ್ರದಡಿ ನಿಂಬೆಹಣ್ಣು, ಹಣೆಗೆ ಕುಂಕುಮ, ಆರತಿ ಎಲ್ಲವೂ ಸಾಂಗವಾಗಿ ನಡೆದವು.

ಹೊಸ ಜಾವಾದ ರೂಪ ಹಳೆಯದರದೇ. ಒಳಗಿನ ಜೀವ ಮಾತ್ರ ಬೇರೆ. 293 ಸಿ.ಸಿ.ಯ, ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್, 170 ಕಿಲೋ ತೂಕ, ಮುಂದೆ 18 ಅಂಗುಲದ, ಹಿಂದೆ 17 ಅಂಗುಲದ ಚಕ್ರ. ಇಷ್ಟಕ್ಕೆ ತೃಪ್ತನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದೇ ನವೆಂಬರಿನಲ್ಲಿ ಅದೇ ಕಂಪನಿಯ ಪೆರಾಕ್ ಎಂಬ ಗಾಡಿ ಬೆಲೆಸಹಿತ ಪ್ರಕಟವಾಯಿತು. ಕಪ್ಪು ಮೈ, ಒಂಟಿ ಸೀಟು, ನೆಲಕ್ಕೆ ಕುಗ್ಗಿ ಕುಳಿತ ಹಿಂಭಾಗ! ಅದನ್ನು ಕಂಡಂದಿನಿಂದ ನಮ್ಮ ನಾಯಕನಿಗೆ ತನ್ನ ಗಾಡಿ ಹಳ್ಳಿಯ ಹುಡುಗಿಯಂತೆ ಕಾಣತೊಡಗಿತು. ಪೆರಾಕನ್ನು ಮಾಡಿದವರು ಹಿಂಭಾಗದ ಚೌಕಟ್ಟನ್ನೇ ಬೇರೆಯಾಗಿ ರೂಪಿಸಿ, ಸೀಟಿನ ಕೆಳಗೆ ಒಂದೇ ಷಾಕ್ ಅಬ್ಸಾರ್ಬರನ್ನು ಅಡಗಿಸಿಟ್ಟಿದ್ದರೆಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೆ ಮೋಹವೆಂಬುದು ಲೆಕ್ಕಾಚಾರಕ್ಕೆ ಕಿವಿಗೊಟ್ಟದ್ದುಂಟೆ?

2021ರಲ್ಲಿ ಗಾಡಿ ಬೆಂಗಳೂರಿನ ಒಂದು ಕಾರ್ಖಾನೆ ಸೇರಿತು. ಹಿಂದಿನ ಎರಡು ಷಾಕ್ ಅಬ್ಸಾರ್ಬರುಗಳ ಜಾಗಕ್ಕೆ ಒಂದೂವರೆ ಅಂಗುಲ ಗಿಡ್ಡನೆಯವು ಬಂದವು. 120ರ ಟೈರಿಗೆಂದು ಮಾಡಿದ ರಿಮ್ಮಿಗೆ 140ರ ದಪ್ಪ ಟೈರನ್ನು ತುರುಕಿದರು. ಹ್ಯಾಂಡಲ್ ಎದೆಯ ಮಟ್ಟಕ್ಕೇರಿತು. ಇಬ್ಬರು ಕೂರುವ ಸೀಟು ಹೋಗಿ, ಬಾಣಲೆಯಂತಹ ಒಂಟಿ ಸೀಟು ಕುಳಿತಿತು. ಗಾಡಿ ಕೊಳ್ಳೇಗಾಲದ ಬಸ್ ನಿಲ್ದಾಣದ ಮುಂದೆ ನಿಂತಾಗ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ಬಂದರು. ಆ ಒಂದು ದಿನದ ಮಟ್ಟಿಗೆ ಅವನು ಪಟ್ಟವೇರಿದ ಅರಸನೇ ಸರಿ.

ತಾಯಿ ಹೊಸ್ತಿಲಲ್ಲಿ ನಿಂತು ಗಾಡಿಯನ್ನು ಸುತ್ತಲೂ ನೋಡಿದರು. “ಚೆಂದಾಗದೆ ಕಣ್ ಮಗಾ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಾ ಎಲ್ ಕೂರ್ಲಿ?” ಎಂದರು. ಅವನು ನಕ್ಕು, ಬೆಟ್ಟಕ್ಕೆ ಕಾರು ಮಾಡೋಣವೆಂದ. ಅವರು ಮತ್ತೆ ಮಾತನಾಡಲಿಲ್ಲ. ಹರಕೆಯೊಂದು ಬಾಕಿಯಿರುವ ವಿಷಯ ಅವನಿಗೂ ಗೊತ್ತಿತ್ತು.

ಮೂರು ವಾರಗಳ ಅನಂತರ ಅವನೊಬ್ಬನೇ ಬೆಟ್ಟಕ್ಕೆ ಹೊರಟ. ಹನೂರಿನವರೆಗೆ ಗಾಡಿ ಆನೆಯಂತೆ ಗಂಭೀರವಾಗಿ ಸಾಗಿತು. ನೇರ ದಾರಿಯಲ್ಲಿ ಯಾವ ಗಾಡಿ ತಾನೇ ಕೆಟ್ಟದ್ದು! ತಾಳಬೆಟ್ಟ ದಾಟಿ ಘಟ್ಟದ ತಿರುವುಗಳು ಮೊದಲಾದವು. ಎಡಕ್ಕೆ ಹೊರಳುವ ಒಂದು ಕಡಿದಾದ ತಿರುವಿನಲ್ಲಿ ಗಾಡಿಯನ್ನು ವಾಲಿಸಿದಾಗ ಸೈಲೆನ್ಸರ್ ನೆಲಕ್ಕೆ ಉಜ್ಜಿ ಕಿಡಿ ಹಾರಿತು. ಬೆದರಿ ಗಾಡಿಯನ್ನೆತ್ತಿದ, ಮುಂದಿನ ಚಕ್ರ ಅವನ ಮಾತು ಕೇಳದೆ ರಸ್ತೆಯ ಬಲ ಅಂಚಿಗೆ ಓಡಿತು. ಎದುರಿಗೆ ಬೆಟ್ಟದಿಂದಿಳಿಯುತ್ತಿದ್ದ ಬಸ್ಸು. ಚಾಲಕ ಬ್ರೇಕು ಹಾಕಿದ್ದರಿಂದ, ಬಸ್ಸಿಗೂ ಗಾಡಿಗೂ ನಡುವೆ ಒಂದು ಮಾರಿನಷ್ಟು ಜಾಗ ಉಳಿಯಿತು. ಕಿಟಕಿಗಳಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಅವನು ಕಟ್ಟೆಯ ಮೇಲೆ ಕುಳಿತು, ಕಾಲಿನ ನಡುಕ ನಿಂತ ಮೇಲೆ, ಬೆಟ್ಟವನ್ನೇರದೆ ಹಿಂದಿರುಗಿದ.

ಯಳಂದೂರಿನಲ್ಲಿ ಒಬ್ಬ ವೃದ್ಧ ಮೇಸ್ತ್ರಿ ಇದ್ದರು. ಯಜಮಾನರ ಹಳೆಯ ಜಾವಾವನ್ನು ಬಿಚ್ಚಿ ಜೋಡಿಸುತ್ತಿದ್ದವರು ಅವರೇ. ಅವರು ಮಾತಿಲ್ಲದೆ ಎರಡು ಚಕ್ರಗಳ ಬದಿಗೂ ದಾರ ಹಿಡಿದು ನೋಡಿದರು. ಬಳಿಕ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಫೋರ್ಕು ಹ್ಯಾಂಡಲಿಗೆ ತಿರುಗುವ ಓರೆಗೆರೆಯನ್ನು ಕೋಲಿನಿಂದ ನೆಲದವರೆಗೆ ಇಳಿಸಿ, ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಚಕ್ರ ನೆಲ ಮುಟ್ಟುವ ಕಡೆ ಇನ್ನೊಂದು. ಎರಡನೆಯ ಗುರುತು ಮೊದಲನೆಯದಕ್ಕಿಂತ ಹಿಂದೆ ಬಿತ್ತು.

“ಈ ಎಡೆ ಅದೆಯಲ್ಲ, ಇದೇ ಕಣಪ್ಪ ಗಾಡೀನ ನೆಟ್ಟಗೆ ಹಿಡ್ಕೊಳ್ಳೋದು. ಕಮ್ಮಿ ಆದ್ರೆ ಕುಣೀತದೆ. ಜಾಸ್ತಿ ಆದ್ರೆ ತಿರುಗಕ್ಕೆ ಮುನಿಸ್ಕೊಳ್ತದೆ. ನೀನು ಹಿಂದುಗಡೆ ತಗ್ಗಿಸ್ದೆ, ಮುಂದ್ಗಡೆ ಫೋರ್ಕು ಇನ್ನೂ ಓರೆ ಆಯ್ತು, ಈ ಎಡೆ ಬೆಳೀತು.”

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಹಿಂಭಾಗ ತಗ್ಗಿದ್ದರಿಂದ ಸೈಲೆನ್ಸರುಗಳೂ ನೆಲಕ್ಕೆ ಸಮೀಪವಾದವು. ಹ್ಯಾಂಡಲನ್ನೆತ್ತಿದ್ದರಿಂದ ಸವಾರನ ಮೈಭಾರ ಹಿಂದಕ್ಕೆ ಸರಿದು, ಮುಂದಿನ ಚಕ್ರದ ಹಿಡಿತ ಸಡಿಲವಾಯಿತು. ಕಿರಿದಾದ ರಿಮ್ಮಿನಲ್ಲಿ ಇರುಕಿಸಿದ ದಪ್ಪ ಟೈರು ತನ್ನ ಸಹಜವಾದ ದುಂಡನ್ನು ಕಳೆದುಕೊಂಡು, ವಾಲಲು ಹಟಮಾಡುತ್ತಿತ್ತು. ಒಂದೊಂದೂ ಸಣ್ಣ ತಪ್ಪೇ. ನಾಲ್ಕೂ ಒಂದೇ ತಿರುವಿನಲ್ಲಿ ಭೇಟಿಯಾಗಿದ್ದವು. ಇದರ ಮೇಲೆ ಕಾನೂನಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಬ್ಯಾಂಕಿನಲ್ಲಿ ವಾಹನಸಾಲದ ಕಾಗದಗಳನ್ನು ನೋಡುವವನಿಗೇ ಇದು ನೆನಪಾಗದಿದ್ದುದು ವಿಚಿತ್ರ.

ಹಾಗಾದರೆ ಗಾಡಿಗೆ ಸಿಂಗಾರವೇ ಬೇಡವೆ? ಮೇಸ್ತ್ರಿಗಳು ಹಾಗೆ ಹೇಳುವವರಲ್ಲ. ಅವರದು ಬಳೆಮಂಟಪದ ಊರು. ಕಲ್ಲಿಗೇ ಬಳೆ ತೊಡಿಸಿದ ಶಿಲ್ಪಿಗಳು ಅಲ್ಲಿ ಮಂಟಪದ ಭಾರ ಹೊರುವ ಕಂಬಗಳನ್ನು ಸಣ್ಣದು ಮಾಡಲಿಲ್ಲವಷ್ಟೆ. ಹಳೆಯ ಷಾಕ್ ಅಬ್ಸಾರ್ಬರುಗಳೂ ಮೂಲ ಅಳತೆಯ ಟೈರೂ ಹ್ಯಾಂಡಲೂ ಹಿಂದಕ್ಕೆ ಬಂದವು. ಟ್ಯಾಂಕಿನ ಅಂಚಿಗೆ ಕೈಯಿಂದಲೇ ಎಳೆದ ಚಿನ್ನದ ಬಣ್ಣದ ಎರಡು ಗೆರೆಗಳು ಉಳಿದವು. ಕೊಳ್ಳೇಗಾಲದ ಹೊಲಿಗೆಯವನೊಬ್ಬ ಇಬ್ಬರಿಗೆ ಸಾಲುವ ಮೂಲ ಸೀಟಿಗೆ ಕಂದು ಬಣ್ಣದ ಹೊದಿಕೆ ಹಾಕಿ, ಸೀರೆಯ ಅಂಚಿನ ಮಾದರಿಯಲ್ಲಿ ಕೆಂಪು ದಾರದಿಂದ ಹೊಲಿದ. ಖರ್ಚು ಮಾಡಿದ ಹಣದ ಬಹುಭಾಗ ಅಟ್ಟದ ಮೇಲೆ ಗೋಣಿಚೀಲದಲ್ಲಿ ಕುಳಿತಿತು. ಬಸ್ ನಿಲ್ದಾಣದ ಮುಂದೆ ಈಗ ಯಾರೂ ಲೋಟ ಹಿಡಿದು ಎದ್ದು ಬರಲಿಲ್ಲ. ಅದರ ನೋವು ಅವನಿಗೆ ಇಲ್ಲದಿರಲಿಲ್ಲ.

2022ರ ಒಂದು ಸೋಮವಾರ, ಹಿಂದಿನ ಸ್ಪ್ರಿಂಗುಗಳನ್ನು ಇಬ್ಬರ ತೂಕಕ್ಕೆ ತಕ್ಕಂತೆ ಬಿಗಿಮಾಡಿಸಿಕೊಂಡು, ತಾಯಿಯನ್ನು ಕೂರಿಸಿಕೊಂಡು ಹೊರಟ. ಹನೂರಿನಲ್ಲಿ ಕಾಫಿ ಕುಡಿದರು. ಘಟ್ಟ ಶುರುವಾದಾಗ ತಾಯಿ ಅವನ ಹೆಗಲಿನ ಮೇಲೆ ಕೈಯಿಟ್ಟರು. ಆ ತಿರುವು ಹತ್ತಿರವಾಯಿತು. ಅದರ ವಿಷಯವನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.

“ನಿಮ್ಮಪ್ಪ ಇಲ್ಲಿಗ್ ಬಂದಾಗ ಒಂದ್ ಗೇರ್ ಇಳಿಸ್ಕೊಳ್ಳೋರು” ಎಂದರು ತಾಯಿ.

ಅವನು ಒಂದು ಗೇರನ್ನು ಇಳಿಸಿದ.