ಅಷ್ಟಮಿಯ ನೀರಿನಲ್ಲಿ ಒಂದು ದಿನ

ಶಿರಸಿ ಸೀಮೆಯ ಅಡಕೆ ತೋಟಗಳ ನಡುವೆ ಹುಟ್ಟುವ ಅಘನಾಶಿನಿ ನದಿ ಸುಮಾರು 120 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ ಘಟ್ಟ ಇಳಿಯುವ ಈ ನದಿಗೆ, ಹೆದ್ದಾರಿಯ ದಿವಗಿ ಸೇತುವೆ ದಾಟಿದ ಮೇಲೆ ಯಾವ ಅವಸರವೂ ಇರುವುದಿಲ್ಲ. ಹರವಾಗಿ ಹಬ್ಬಿ, ನಡುಗಡ್ಡೆಗಳನ್ನು ಬಳಸಿ, ಕೊನೆಗೆ ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಕೂಡುತ್ತದೆ. ಬಾಯಿಯ ಉತ್ತರಕ್ಕೆ ತದಡಿ. ದಕ್ಷಿಣಕ್ಕೆ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಎಂಬ ಊರು.

ಕುಮಟಾ ತಾಲ್ಲೂಕಿನ ಈ ಅಳಿವೆಯಲ್ಲಿ ಚಳಿಗಾಲದ ಒಂದು ಭಾನುವಾರವನ್ನು ಗೆಳೆಯರೊಬ್ಬರ ಜೊತೆ ಗಾಳ ಹಾಕುತ್ತಾ ಕಳೆದೆ. ಬೆಳಗಿನ ಆರರಿಂದ ಸಂಜೆ ಆರರವರೆಗೆ ಸಿಕ್ಕಿದ್ದು ಒಂದೇ ಮೀನು. ಅದೂ ಮನೆಗೆ ಬರಲಿಲ್ಲ. ಆದರೆ ಇಪ್ಪತ್ತು ಮೀನು ಸಿಕ್ಕ ದಿನ ಕಾಣದ ಸಂಗತಿಗಳು ಆ ಒಂದು ದಿನದಲ್ಲಿ ಕಂಡವು. ಶಾಲೆಯಲ್ಲಿ ಉಬ್ಬರವಿಳಿತದ ಪಾಠ ಓದಿ ಅಂಕ ಗಳಿಸುವ ಮಕ್ಕಳಿಗೂ, ಅವರನ್ನು ಓದಿಸುವ ತಂದೆತಾಯಿಯರಿಗೂ ಅದನ್ನು ಹೇಳಬೇಕೆನಿಸಿತು.

ಹುಸಿಮೀನಿನ ವಿದ್ಯೆ

ಗೆಳೆಯರು ತದಡಿಯ ಕಡೆಯವರೇ. ಚಿಕ್ಕಂದಿನಲ್ಲಿ ಸಿಗಡಿ ಚುಚ್ಚಿ ಗಾಳ ಹಾಕಿದವರು. ಈಗ ಹತ್ತಾರು ವರ್ಷಗಳಿಂದ ಅವರು ಬಳಸುವುದು ಲೂರ್, ಎಂದರೆ ಪ್ಲಾಸ್ಟಿಕ್ಕಿನ ಹುಸಿಮೀನು. ಹೆಬ್ಬೆರಳಿನಷ್ಟು ದಪ್ಪ, ಗೇಣಿನ ಅರ್ಧದಷ್ಟು ಉದ್ದ. ಹೊಟ್ಟೆಯ ಅಡಿ ಎರಡು ಮುಮ್ಮೊನೆ ಗಾಳ, ಬಾಯಿಯ ಮುಂದೆ ಚಮಚದಂಥ ಒಂದು ಪಾರದರ್ಶಕ ತುಟಿ. ನೀರಿಗೆ ಎಸೆದರೆ ತೇಲುತ್ತದೆ. ದಾರ ಸುತ್ತಿ ಎಳೆದಾಗ ನೀರು ಆ ತುಟಿಯನ್ನು ಒತ್ತುವುದರಿಂದ ತಲೆ ತಗ್ಗಿಸಿ ಮುಳುಗುತ್ತದೆ. ಬಾಲ ಅತ್ತಿತ್ತ ಹೊಯ್ದಾಡುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಮೆಲ್ಲಗೆ ಮೇಲೇಳುತ್ತದೆ. ನೋಡಿದರೆ ಗಾಯಗೊಂಡ ಸಣ್ಣ ಮೀನೇ ಸರಿ.

ಒಳಗೆ ಉಕ್ಕಿನ ಪುಟ್ಟ ಗುಂಡುಗಳಿರುತ್ತವೆ. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ನೀರು ಕದಡಿದ್ದು ಒಂದು ಮೊಳ ಆಳದಲ್ಲಿ ಏನೂ ಕಾಣದಿದ್ದರೂ ಮೀನಿಗೆ ಅದು ಗೊತ್ತಾಗುತ್ತದೆ. ಮೀನಿನ ಮೈಯ ಎರಡೂ ಬದಿಗೆ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುವುದನ್ನು ಅಡುಗೆಮನೆಯಲ್ಲಿ ನೀವು ನೋಡಿರಬಹುದು. ಅದೇ ಪಾರ್ಶ್ವರೇಖೆ. ನೀರಿನ ಸಣ್ಣ ಕಂಪನವನ್ನೂ ಹಿಡಿಯುವ ಅಂಗ ಅದು. ಮೀನು ಕಣ್ಣಿನಿಂದ ಮಾತ್ರವಲ್ಲ, ಮೈಯಿಂದಲೂ ಬೇಟೆಯನ್ನು ಅರಿಯುತ್ತದೆ.

ಈ ಗಾಳದಲ್ಲಿ ಬಯಸುವುದು ಮುಖ್ಯವಾಗಿ ಎರಡು ಮೀನುಗಳನ್ನು. ಒಂದು ಕೆಂಬೇರಿ, ತಾಮ್ರದ ಬಣ್ಣದ, ಕಾಂಡ್ಲಾ ಬೇರುಗಳ ನಡುವೆ ಅಡಗುವ ಜಗಳಗಂಟ. ಇನ್ನೊಂದು ಸೀಬಾಸ್, ಕೊಂಕಣಿಯಲ್ಲಿ ಚೊಣಾಕ್. ಎರಡೂ ಹೊಂಚು ಹಾಕುವ ಜಾತಿ. ಹರಿವು ಕಲ್ಲಿಗೋ ಕಂಬಕ್ಕೋ ತಾಗಿ ತಿರುಗುವ ಜಾಗದಲ್ಲಿ, ನೆರಳಿನ ಬದಿಯಲ್ಲಿ ನಿಂತು, ಹರಿವು ತಂದುಕೊಡುವ ಸಣ್ಣ ಮೀನಿಗಾಗಿ ಕಾಯುತ್ತವೆ. ಹರಿವಿದ್ದರೆ ಊಟ ಬಾಗಿಲಿಗೆ ಬರುತ್ತದೆ. ಹರಿವಿಲ್ಲದಿದ್ದರೆ ಅವೂ ಬಾಯಿ ಮುಚ್ಚಿಕೊಂಡಿರುತ್ತವೆ.

ನೀರಿಗೆ ಅರ್ಧ ರಜೆ

ನಾವು ಹೋದ ದಿನ ಅಷ್ಟಮಿ. ದೋಣಿ ಹತ್ತುವಾಗಲೇ ಗೆಳೆಯರು, 'ಇವತ್ತು ನೀರಿಗೆ ಅರ್ಧ ರಜೆ, ಮಾಸ್ತರೇ' ಎಂದು ಎಚ್ಚರಿಸಿದ್ದರು.

ಅದರ ಅರ್ಥ ಇಷ್ಟು. ಸಮುದ್ರದ ನೀರನ್ನು ಚಂದ್ರನೂ ಸೂರ್ಯನೂ ಎಳೆಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭೂಮಿ, ಚಂದ್ರ, ಸೂರ್ಯ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುವುದರಿಂದ ಇಬ್ಬರ ಸೆಳೆತವೂ ಕೂಡಿ ಭರತ ಹೆಚ್ಚು, ಇಳಿತವೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಆಗ ನೀರಿನ ಮಟ್ಟ ಸುಮಾರು ಎರಡು ಮೀಟರ್‌ವರೆಗೆ ಏರಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಇಬ್ಬರೂ ಲಂಬಕೋನದಲ್ಲಿ ನಿಂತು ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ. ಏರಿಳಿತ ಅರ್ಧಕ್ಕೆ ಬಂದರೂ ಆಶ್ಚರ್ಯವಿಲ್ಲ. ಅಷ್ಟೇ ಸಮಯದಲ್ಲಿ ಕಡಿಮೆ ನೀರು ಸಾಗಬೇಕಾದ್ದರಿಂದ ಹರಿವೂ ಮಂದ. ಗೆಳೆಯರಿಗೆ ಲಂಬಕೋನದ ಗೊಡವೆ ಇಲ್ಲ. ಗೋಡೆಯ ಪಂಚಾಂಗ ನೋಡಿ ನೀರು ಹೇಳುತ್ತಾರೆ. ಒಂದು ದಿನಕ್ಕೆ ಭರತ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಚಂದ್ರ ದಿನವೂ ಅಷ್ಟೇ ತಡವಾಗಿ ಹುಟ್ಟುವುದರ ಲೆಕ್ಕವೂ ಅದೇ.

ಅಂದು ನಾವು ಹೊರಟಾಗ ಇಳಿತ ಶುರುವಾಗಿತ್ತು. ಹನ್ನೊಂದರ ಸುಮಾರಿಗೆ ನೀರು ತಳ ಮುಟ್ಟಿತು. ಕಾಂಡ್ಲಾ ಅಂಚಿಗೆ, ಸೇತುವೆಯ ಕಂಬಕ್ಕೆ, ಕಲ್ಲುರಾಶಿಗೆ, ಗಜನಿಯ ತೂಬಿನ ಬಾಯಿಗೆ ಎಸೆದದ್ದೇ ಎಸೆದದ್ದು. ಪ್ರತಿಸಲವೂ ಹುಸಿಮೀನು ಒಂಟಿಯಾಗಿ ಮರಳಿತು. ನೂರು ಎಸೆತದ ಮೇಲೆ ನಾನು ಲೆಕ್ಕ ಬಿಟ್ಟೆ. ಮಿಂಚುಳ್ಳಿಯೊಂದು ನಮ್ಮೆದುರೇ ಎರಡು ಬಾರಿ ಧುಮುಕಿ ಎರಡೂ ಬಾರಿ ಮೀನು ಎತ್ತಿತು.

ನೀರು ಇಳಿದಾಗ ಕಂಡದ್ದು

ಗಾಳ ಸುಮ್ಮನಿದ್ದರೆ ಕಣ್ಣಿಗೆ ಬಿಡುವು. ಇಳಿತದಲ್ಲಿ ಮೇಲೆದ್ದ ಮರಳು ದಿಬ್ಬಗಳತ್ತ ಸೊಂಟದ ನೀರಿನಲ್ಲಿ ನಡೆದು ಹೆಂಗಸರು, ಗಂಡಸರು ಬಂದರು. ಬಳಚು ಹೆಕ್ಕುವ ಕೆಲಸ. ಕಾಲಿನಿಂದ ತಡವಿ, ಕೈಯಿಂದ ಬಾಚಿ, ಚಿಪ್ಪುಗಳನ್ನು ಬುಟ್ಟಿಗೆ ತುಂಬುತ್ತಾರೆ. ಈ ಅಳಿವೆಯ ಬಳಚು ಸಾವಿರಾರು ಜನರಿಗೆ ಅನ್ನ. ಅವರ ದಿನಚರಿ ಗಡಿಯಾರದ್ದಲ್ಲ, ಇಳಿತದ್ದು. ನಾಳೆ ಇದೇ ಕೆಲಸ ಐವತ್ತು ನಿಮಿಷ ತಡ.

ದಡದ ಗಜನಿಗಳದ್ದೂ ಅದೇ ಕತೆ. ಒಡ್ಡು ಕಟ್ಟಿ ಅಳಿವೆಯಿಂದ ಬೇರ್ಪಡಿಸಿದ ತಗ್ಗು ಗದ್ದೆಗಳಿವು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ. ಮಾಣಿಕಟ್ಟಾದ ಸುತ್ತ ಇಂದಿಗೂ ಕೆಲವರು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಕೊಯ್ಲಾದ ಮೇಲೆ ತೂಬು ತೆರೆದರೆ ಭರತದ ಜೊತೆ ಸಿಗಡಿ, ಮೀನಿನ ಮರಿ ಒಳಬರುತ್ತವೆ. ಒಂದೇ ನೆಲದಲ್ಲಿ ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು. ಇನ್ನೊಂದು ಬದಿಗೆ ಸಾಣಿಕಟ್ಟಾದ ಆಗರಗಳು. ಅಳಿವೆಯ ನೀರನ್ನೇ ಬಿಸಿಲಿಗೆ ಹರಡಿ ಉಪ್ಪು ತೆಗೆಯುತ್ತಾರೆ. ಅಕ್ಕಿ, ಮೀನು, ಉಪ್ಪು ಮೂರನ್ನೂ ಒಂದೇ ನೀರು ಕೊಡುತ್ತದೆ ಎಂಬುದನ್ನು ದೋಣಿಯಲ್ಲಿ ಕೂತು ಒಂದು ಸುತ್ತು ತಿರುಗಿದರೆ ಕಾಣಬಹುದು.

ಹನ್ನೆರಡರ ಬಿಸಿಲಿಗೆ ಕಾಂಡ್ಲಾ ನೆರಳಿನಲ್ಲಿ ದೋಣಿ ಕಟ್ಟಿ ಬುತ್ತಿ ಬಿಚ್ಚಿದೆವು. ಗೆಳೆಯರು ಚೀಲದಿಂದ ನೋಟುಪುಸ್ತಕ ತೆಗೆದು ಬರೆದರು: ತಿಥಿ, ನೀರು, ಗಾಳಿ, ಜಾಗ, ಮತ್ತು ಕೊನೆಯ ಕಾಲಮ್ಮಿನಲ್ಲಿ 'ಇಲ್ಲ'. ಹಳೆಯ ಪುಟಗಳನ್ನು ತಿರುವಿದೆ. 'ಇಲ್ಲ'ಗಳದ್ದೇ ಬಹುಮತ. 'ಸಿಕ್ಕ ದಿನ ಮಾತ್ರ ಬರೆದರೆ ಯಾವ ನೀರಿಗೆ ಬರಬಾರದು ಅಂತ ಗೊತ್ತಾಗೋದು ಹೇಗೆ?' ಎಂದು ಕೇಳಿದರು. ಪ್ರಯೋಗಾಲಯದಲ್ಲಿ ನಿರೀಕ್ಷಿತ ಉತ್ತರ ಬಾರದಾಗ ರಬ್ಬರ್ ತೆಗೆದುಕೊಂಡು ಅಂಕಿ ತಿದ್ದುವ ವಿದ್ಯಾರ್ಥಿಗಳು ನನಗೆ ನೆನಪಾದರು. 'ಇಲ್ಲ' ಎಂಬುದೂ ಒಂದು ಅಳತೆ. ಅದನ್ನು ನಾಚಿಕೆಯಿಲ್ಲದೆ ಬರೆದಿಡುವುದೇ ವಿಜ್ಞಾನದ ಮೊದಲ ಶಿಸ್ತು.

ಮೊಳದ ಗುರುತು

ಮಧ್ಯಾಹ್ನ ನೀರು ತಿರುಗಿತು. ತೇಲುವ ಎಲೆಯೊಂದು ನಿಂತು, ಯೋಚಿಸಿ, ಮೇಲ್ಮುಖವಾಗಿ ಹೊರಟಿತು. ಮೂರೂವರೆಯ ಹೊತ್ತಿಗೆ ಕಲ್ಲುರಾಶಿಯ ಮಗ್ಗುಲಲ್ಲಿ ತೆಳುವಾದ ಸುಳಿ ಕಾಣಿಸಿತು. ಗೆಳೆಯರು ಅದರ ಆಚೆ ಎಸೆದು, ಎರಡು ಸುತ್ತು ಎಳೆದು, ನಿಲ್ಲಿಸಿದರು. ಮತ್ತೆ ಎರಡು ಸುತ್ತು. ಕೋಲು ಬಾಗಿತು. ಬೆಳ್ಳಗೆ ಮಿಂಚಿ ಮೀನೊಂದು ನೀರಿನಿಂದ ಹೊರಗೆ ಚಿಮ್ಮಿ ತಲೆ ಕೊಡವಿತು. ಚೊಣಾಕ್.

ಕೈಬಲೆಯಲ್ಲಿ ಎತ್ತಿ, ಕೈ ಒದ್ದೆ ಮಾಡಿಕೊಂಡು, ಕೋಲಿನ ಮೇಲಿನ ಕೆಂಪು ಗುರುತಿಗೆ ಹಿಡಿದು ಅಳೆದರು. ಒಂದು ಮೊಳಕ್ಕೆ ಎರಡು ಬೆರಳು ಕಮ್ಮಿ. ಒಂದು ಕಿಲೋ ಆಸುಪಾಸು ತೂಕ. ಮೊಳಕ್ಕಿಂತ ಚಿಕ್ಕದಾದರೆ ಬಿಟ್ಟುಬಿಡುವುದು ಅವರ ನಿಯಮ, ಸರ್ಕಾರದ್ದಲ್ಲ, ಅವರದ್ದೇ. ಮನೆಯಲ್ಲಿ ಅಂದು ನೆಂಟರಿದ್ದರು, ಮಸಾಲೆ ಅರೆದಾಗಿತ್ತು ಎಂಬುದು ನನಗೆ ಗೊತ್ತಿತ್ತು. ಬಳಚಿನ ಬುಟ್ಟಿ ಹೊತ್ತು ದೋಣಿಗೆ ಹೋಗುತ್ತಿದ್ದ ಹೆಂಗಸೊಬ್ಬರು ನಿಂತು, 'ಇಡೀ ದಿನಕ್ಕೆ ಒಂದು, ಅದನ್ನೂ ಬಿಡ್ತೀರಾ?' ಎಂದು ನಕ್ಕರು. ಗೆಳೆಯರು ಒಂದು ಗಳಿಗೆ ಮೀನನ್ನೇ ನೋಡಿದರು. ಆಮೇಲೆ ಚಿಮಟದಿಂದ ಗಾಳ ಬಿಡಿಸಿದರು. ಗಾಳದ ಮುಳ್ಳುಗಳನ್ನು ಮೊದಲೇ ಚಪ್ಪಟೆ ಮಾಡಿದ್ದರಿಂದ ಸುಲಭವಾಗಿ ಬಂತು. ಮೀನಿನ ತಲೆಯನ್ನು ಹರಿವಿಗೆದುರಾಗಿ ಹಿಡಿದು, ಕಿವಿರು ಆಡತೊಡಗಿದ ಮೇಲೆ ಕೈ ಸಡಿಲಿಸಿದರು.

ಈ ನಿಯಮದ ಹಿಂದೆ ಒಂದು ವಿಚಿತ್ರ ಜೀವಶಾಸ್ತ್ರವಿದೆ. ಸೀಬಾಸ್ ಮೊದಲು ಗಂಡಾಗಿ ಪ್ರೌಢವಾಗುತ್ತದೆ. ಕೆಲವು ವರ್ಷ ಹಾಗೆ ಬದುಕಿ, ದೊಡ್ಡದಾದ ಮೇಲೆ ಬಹುಪಾಲು ಹೆಣ್ಣಾಗಿ ಮಾರ್ಪಡುತ್ತದೆ. ಮಳೆಗಾಲದ ಹೊತ್ತಿಗೆ ನದಿಯ ಬಾಯಿಯ ಕಡೆ ಉಪ್ಪುನೀರಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಭರತದ ಬೆನ್ನೇರಿ ಅಳಿವೆಯೊಳಗೆ ಬಂದು ಕಾಂಡ್ಲಾ ಬೇರುಗಳ ನಡುವೆ ಬೆಳೆಯುತ್ತವೆ. ಚಿಕ್ಕ ಮೀನುಗಳನ್ನೆಲ್ಲ ಹಿಡಿದರೆ ತಾಯಿಯಾಗುವ ವಯಸ್ಸಿಗೆ ಒಂದೂ ತಲುಪುವುದಿಲ್ಲ. 'ಇದು ಮುಂದೆ ತಾಯಿಯಾಗಬೇಕಾದ ಗಂಡು' ಎಂದರು ಗೆಳೆಯರು, ದಾರ ಒರೆಸುತ್ತಾ.

ಪಕ್ಕದ ಅಳಿವೆಯ ಪಾಠ

ಮೀನು ಬಿಡುವುದು ಒಬ್ಬ ಮನುಷ್ಯನ ಕೈಯಲ್ಲಿದೆ. ನೀರಿನ ಲೆಕ್ಕ ಹಾಗಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಭಾರ. ನದಿಯ ನೀರು ಹಗುರ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ಬಾಯಿಯತ್ತ ನೂಕುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಉಪ್ಪು ಒಳನಾಡಿನತ್ತ ಸರಿಯುತ್ತದೆ. ಭರತದ ಪ್ರಭಾವ ಉಪ್ಪಿನಪಟ್ಟಣದವರೆಗೂ ಇದೆ. ವರ್ಷಕ್ಕೊಮ್ಮೆಯ ಈ ದೊಡ್ಡ ಉಸಿರಾಟದ ಮೇಲೆ ಬಳಚು, ಕಗ್ಗ, ಚೊಣಾಕ್ ಎಲ್ಲವೂ ತಮ್ಮ ಬಾಳನ್ನು ಹೊಂದಿಸಿಕೊಂಡಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದಲೇ ಈ ಉಸಿರಾಟ ಇನ್ನೂ ನಡೆದಿದೆ.

ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ವಿದ್ಯುದಾಗಾರಗಳಿಂದ ಹೊರಬರುವ ನೀರು ಬೇಸಿಗೆಯಲ್ಲೂ ನದಿಗೆ ಸೇರುವುದರಿಂದ ಅಲ್ಲಿ ಉಪ್ಪಿನಂಶ ತಗ್ಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ, ಬಳಚಿನಲ್ಲೂ ಮೀನಿನ ವೈವಿಧ್ಯದಲ್ಲೂ ಅಘನಾಶಿನಿ ಮುಂದಿರುವುದನ್ನು ತೋರಿಸಿದ್ದಾರೆ. ನಾಡಿಗೆ ಶರಾವತಿ ಕೊಟ್ಟ ಬೆಳಕು ದೊಡ್ಡದು. ಆದರೆ ಅದರ ಬೆಲೆಯ ಒಂದು ಪಾಲನ್ನು ಹೊನ್ನಾವರದ ಬಳಚಿನವರು ತೆತ್ತರು ಎಂಬುದೂ ಲೆಕ್ಕದಲ್ಲಿರಬೇಕು. ಅಘನಾಶಿನಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿ ಸಿಹಿನೀರು ಹೆಚ್ಚಾಗಿ ಕೆಟ್ಟಿತು. ಇಲ್ಲಿ ಕಡಿಮೆಯಾದರೂ ಲಯ ತಪ್ಪುವುದೇ. 2024ರ ಆರಂಭದಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಗೌರವ; ನೀರು ಬರುತ್ತಿರುವುದು ಜೀವ.

ನೀವೂ ಹೋಗಿ ನೋಡಿ

ಕುಮಟಾದಿಂದ ಅಘನಾಶಿನಿ ಊರಿಗೂ, ಗೋಕರ್ಣದಿಂದ ತದಡಿಗೂ ರಸ್ತೆ ಇದೆ. ಎರಡರ ನಡುವೆ ದೋಣಿಯಲ್ಲಿ ದಾಟಬಹುದು. ಮಿರ್ಜಾನ ಕೋಟೆಯೂ ಹತ್ತಿರ. ಮಕ್ಕಳನ್ನು ಕರೆದೊಯ್ಯುವವರು ಸ್ಥಳೀಯ ದೋಣಿಯವರನ್ನೇ ನಂಬಿ. ಜೀವರಕ್ಷಕ ಅಂಗಿ ಇಲ್ಲದೆ ದೋಣಿ ಹತ್ತಬೇಡಿ. ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುವುದರಿಂದ ಕಾಲಿಗೆ ಗಟ್ಟಿ ಚಪ್ಪಲಿ ಇರಲಿ. ಗಾಳ ಎಸೆಯುವವರ ಹಿಂದೆ ನಿಲ್ಲಬಾರದು. ಬಳಚಿನ ದಿಬ್ಬಗಳನ್ನು ತುಳಿಯುವುದು ಇನ್ನೊಬ್ಬರ ಗದ್ದೆ ತುಳಿದಂತೆ.

ಹೊರಡುವ ಮುನ್ನ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಗಾಜಿನ ಲೋಟದಲ್ಲಿ ಉಪ್ಪು ಕರಗಿಸಿದ ನೀರಿಗೆ ಎರಡು ಹನಿ ಶಾಯಿ ಬೆರೆಸಿ, ಅದರ ಮೇಲೆ ಚಮಚದ ಬೆನ್ನಿನಿಂದ ಸಿಹಿನೀರನ್ನು ಮೆಲ್ಲಗೆ ಇಳಿಸಿ. ಎರಡು ಪದರ ನಿಲ್ಲುತ್ತದೆ. ಅಳಿವೆಯ ಅಡ್ಡಸೀಳು ನಿಮ್ಮ ಮೇಜಿನ ಮೇಲೆ!

ದಡ ತಲುಪಿದ ಮೇಲೆ ಮಕ್ಕಳ ಕೈಗೆ ಒಂದು ಗೂಟ, ಒಂದು ಸೀಮೆಸುಣ್ಣ ಕೊಡಿ. ಅಷ್ಟಮಿಯ ದಿನ ನೀರು ಏರಿದ, ಇಳಿದ ಮಟ್ಟಗಳಿಗೆ ಗುರುತು ಹಾಕಲಿ. ಹುಣ್ಣಿಮೆಗೆ ಮತ್ತೆ ಕರೆದುಕೊಂಡು ಹೋಗಿ, ಅದೇ ಗೂಟಕ್ಕೆ ಹೊಸ ಗುರುತು ಹಾಕಿಸಿ. ನಡುವಿನ ಅಂತರ ಎಷ್ಟು ಬೆರಳು, ಯಾಕೆ ಎಂದು ಅವರೇ ಹೇಳಲಿ. ಅವಸರ ಮಾಡಬೇಡಿ; ನೀರು ಇಳಿಯಲು ಆರು ಗಂಟೆ ಬೇಕು.