ಹಾಪ್ ತೋಟಗಳ ನಡುವಿನ ಮಠ

ಬೆಲ್ಜಿಯಂ ದೇಶದ ಗೆಂಟ್ ನಗರದಿಂದ ಪಶ್ಚಿಮಾಭಿಮುಖವಾಗಿ ಹೊರಟ ಕಾರು ಸುಮಾರು ಒಂದು ಗಂಟೆಯಲ್ಲಿ ಹೆದ್ದಾರಿಯ ಗದ್ದಲವನ್ನು ಹಿಂದಿಕ್ಕಿ ಈಪರ್ ಪಟ್ಟಣವನ್ನು ಸೇರುತ್ತದೆ. ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ಕಾರಿನಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಹಿಂದಿನ ಆಸನದಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಡಿಕ್ಕಿಯಲ್ಲಿ ಖಾಲಿ ಸೀಸೆಗಳನ್ನು ತುಂಬಿದ ಎರಡು ಮರದ ಪೆಟ್ಟಿಗೆಗಳು. ಹೊರಟಿರುವುದು ಒಂದು ಮಠಕ್ಕೆ. ಅಲ್ಲಿಂದ ತರಬೇಕಾದ ಪ್ರಸಾದವಾದರೋ ಬಿಯರ್!

ಸಂನ್ಯಾಸಿಗಳು ಮದ್ಯ ಕಾಯಿಸುತ್ತಾರೆಂದರೆ ಕನ್ನಡದ ಓದುಗರು ಹುಬ್ಬೇರಿಸಿಯಾರು. ಫ್ಲಾಂಡರ್ಸ್ ಪ್ರಾಂತದ ಜನಕ್ಕೆ ಅದು ಹಾಲಿನ ಡೈರಿಯಷ್ಟೇ ಸಹಜವಾದ ಸಂಗತಿ.

ಈಪರ್‌ನಲ್ಲಿ ಅಜ್ಜಿಯ ಕೋರಿಕೆಯಂತೆ ಕಾರು ಕೆಲ ಹೊತ್ತು ನಿಂತಿತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ನೆಲಸಮವಾಗಿ, ಇದ್ದಂತೆಯೇ ಮತ್ತೆ ಕಟ್ಟಿಸಿಕೊಂಡ ಊರಿದು. 1927ರಲ್ಲಿ ಅನಾವರಣಗೊಂಡ ಮೇನಿನ್ ದ್ವಾರದ ಗೋಡೆಗಳ ಮೇಲೆ, ಸಮಾಧಿಯೂ ತಿಳಿಯದೆ ಮಡಿದ ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅವರಲ್ಲಿ ನಾನೂರಕ್ಕೂ ಮಿಕ್ಕಿದವರು ಭಾರತೀಯರು. ಮಕ್ಕಳು ಹೆಸರುಗಳನ್ನು ಎಣಿಸಲು ತೊಡಗಿ, ಎರಡನೆಯ ಸಾಲಿಗೇ ಸೋತು ಕೈಬಿಟ್ಟರು.

ಅಲ್ಲಿಂದ ಪೋಪರಿಂಗೆಯ ಕಡೆಗೆ ಹೊರಳಿದೊಡನೆ ನೋಟವೇ ಬದಲಾಗುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ಆರೇಳು ಮೀಟರ್ ಎತ್ತರದ ಕಂಬಗಳು, ಅವುಗಳ ತಲೆಯ ಮೇಲೆ ತಂತಿಯ ಜಾಲ, ತಂತಿಯಿಂದ ಇಳಿಬಿಟ್ಟ ಎಳೆಗಳಿಗೆ ಸುತ್ತಿಕೊಂಡು ಮೇಲೇರಿದ ಹಾಪ್ ಬಳ್ಳಿಗಳು. ದೂರಕ್ಕೆ ವೀಳ್ಯದೆಲೆಯ ತೋಟದಂತೆ ಕಂಡರೂ ಇಲ್ಲಿ ಬೇಕಾದುದು ಎಲೆಯಲ್ಲ, ಹೆಣ್ಣು ಬಳ್ಳಿ ಬಿಡುವ ಹಸಿರು ಹೂಗೊಂಚಲು. ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಟ್ಟು, ಅದು ಬೇಗ ಕೆಡದಂತೆ ಕಾಯುವುದು ಇದೇ. ಸೆಪ್ಟೆಂಬರ್ ಕೊಯ್ಲಿನ ಕಾಲ. ಬಳ್ಳಿಗಳನ್ನು ಬುಡದಲ್ಲಿ ಕತ್ತರಿಸಿ ಟ್ರಾಕ್ಟರಿಗೆ ಎಳೆದು ಹಾಕುತ್ತಿದ್ದರು. ಕಾರಿನ ಗಾಜು ಇಳಿಸಿದೊಡನೆ ಹಸಿ ಕಹಿಯ ಘಾಟು ಒಳನುಗ್ಗಿತು. ಕಿರಿಯ ಮಗು ಮೂಗು ಮುಚ್ಚಿಕೊಂಡರೆ ಅಜ್ಜಿ ಕಣ್ಣು ಮುಚ್ಚಿ ಆ ಗಾಳಿಯನ್ನು ಉಸಿರೆಳೆದುಕೊಂಡಳು.

ವೆಸ್ಟ್‌ವ್ಲೇಟರೆನ್ ಗ್ರಾಮದ ಹೊರವಲಯದಲ್ಲಿ, ಮರಗಳ ಮರೆಯಲ್ಲಿರುವ ಸಿಂಟ್ ಸಿಕ್ಸ್ಟಸ್ ಮಠ 1831ರಲ್ಲಿ ಸ್ಥಾಪಿತವಾದುದು. ಟ್ರಾಪಿಸ್ಟ್ ಪಂಥದ ಈ ಸಂನ್ಯಾಸಿಗಳು ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಗಳಿಗೆ ಬದ್ಧರು: ಪ್ರಾರ್ಥಿಸಬೇಕು, ಕೈಯಾರೆ ದುಡಿದು ಬದುಕಬೇಕು. ಮಠ ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ ಇಲ್ಲಿ ಬಿಯರ್ ಕಾಯಿಸುವ ಕೆಲಸ ಆರಂಭವಾಯಿತು. ಮಹಾಯುದ್ಧದಲ್ಲಿ ಜರ್ಮನರು ಬೇರೆ ಮಠಗಳ ತಾಮ್ರದ ಕೊಪ್ಪರಿಗೆಗಳನ್ನು ಕಿತ್ತೊಯ್ದರು. ಇಲ್ಲಿಗೆ ಅವರ ಕೈ ಚಾಚಲಿಲ್ಲ. ಗಾಯಗೊಂಡ ಸೈನಿಕರಿಗೆ ಆಶ್ರಯವಾಗಿದ್ದ ಮಠದಲ್ಲಿ ಕೊಪ್ಪರಿಗೆ ಉಳಿಯಿತು.

1946ರಲ್ಲಿ ಮಠದವರು ಒಂದು ವಿಚಿತ್ರ ನಿರ್ಧಾರ ಮಾಡಿದರು. ವ್ಯಾಪಾರ ಪ್ರಾರ್ಥನೆಯನ್ನು ನುಂಗಬಾರದೆಂದು ತಯಾರಿಕೆಯನ್ನು ಮಿತಗೊಳಿಸಿ, ಹೊರಗಿನ ಮಾರಾಟಕ್ಕೆ ಬೇಕಾದುದನ್ನು ಕಾಯಿಸುವ ಹಕ್ಕನ್ನು ಸಮೀಪದ ವಾಟೂ ಗ್ರಾಮದವರಿಗೆ ಕೊಟ್ಟರು. ಆ ಒಪ್ಪಂದ 1992ರವರೆಗೆ ನಡೆಯಿತು. ಮಠದಲ್ಲಾದರೋ ವರ್ಷಕ್ಕೆ ಸುಮಾರು 4,75,000 ಲೀಟರ್, ಅದಕ್ಕೆ ಮಿಕ್ಕಿ ಇಲ್ಲ ಎಂಬ ಕಟ್ಟು ದಶಕಗಟ್ಟಲೆ ಉಳಿಯಿತು. 2005ರಲ್ಲಿ ಇಲ್ಲಿನ ‘12’ ಎಂಬ ಬಿಯರ್ ಜಗತ್ತಿನಲ್ಲೇ ಶ್ರೇಷ್ಠವೆಂದು ರಸಿಕರ ಮತಗಣನೆಯೊಂದು ಸಾರಿದಾಗ ಹಳ್ಳಿಯ ರಸ್ತೆಯಲ್ಲಿ ಕಾರುಗಳ ಸಾಲು ಬೆಳೆಯಿತು. ಬೇರೆ ಯಾರಾದರೂ ಆಗಿದ್ದರೆ ಹೊಸ ಕಾರ್ಖಾನೆ ಎಬ್ಬಿಸುತ್ತಿದ್ದರು. ಇವರು ಮಾಡಿದ್ದು ಒಂದೇ: ದೂರವಾಣಿಯಲ್ಲಿ ಮೊದಲೇ ಹೆಸರು ಬರೆಸಿ, ಕಾರಿನ ಸಂಖ್ಯೆ ತಿಳಿಸಿ, ನಿಗದಿಯಾದ ಪೆಟ್ಟಿಗೆಗಳನ್ನಷ್ಟೇ ಒಯ್ಯಬೇಕೆಂಬ ಕಟ್ಟಳೆ. 2019ರಿಂದ ಹೆಸರು ನೋಂದಣಿ ಅಂತರ್ಜಾಲಕ್ಕೆ ಬಂದಿದೆ. ಮಠದ ಕಟ್ಟಡಗಳ ದುರಸ್ತಿಗೆ ಹಣ ಬೇಕಾದಾಗ 2011 ಮತ್ತು 2012ರಲ್ಲಿ ಮಾತ್ರ ಅಂಗಡಿಗಳಿಗೂ ಪರದೇಶಕ್ಕೂ ಕಳುಹಿದರು. ಹಣ ಕೂಡಿತು, ಮಾರಾಟ ನಿಂತಿತು. 2018ರಲ್ಲಿ ನೆದರ್ಲೆಂಡ್ಸಿನ ಅಂಗಡಿಯೊಂದು ಇದೇ ಸೀಸೆಗಳನ್ನು ಅನೇಕ ಪಟ್ಟು ಬೆಲೆಗೆ ಮಾರಿದಾಗ ಮೌನಿಗಳಾದ ಸಂನ್ಯಾಸಿಗಳೂ ಬಾಯಿಬಿಟ್ಟು ಆಕ್ಷೇಪಿಸಿದರು.

ಸೀಸೆಗಳಿಗೆ ಬಹುಕಾಲ ಚೀಟಿಯಿರಲಿಲ್ಲ. ಮುಚ್ಚಳದ ಬಣ್ಣವೇ ಗುರುತಾಗಿತ್ತು: ಹಸಿರು, ನೀಲಿ, ಹಳದಿ. ಕಿಟಕಿಯಂಥ ಗೂಡಿನಲ್ಲಿ ಖಾಲಿ ಪೆಟ್ಟಿಗೆಗಳನ್ನು ಒಪ್ಪಿಸಿ, ಹಳದಿ ಮುಚ್ಚಳದ ಎರಡು ಪೆಟ್ಟಿಗೆಗಳನ್ನು ಗಂಡ ಡಿಕ್ಕಿಗೇರಿಸಿದ.

“ಇಷ್ಟು ಮಂದಿ ಕಾಯುತ್ತಿದ್ದಾರಲ್ಲ, ಅಪ್ಪ, ಇನ್ನೂ ಹೆಚ್ಚು ಮಾಡಬಾರದೇಕೆ?” ಎಂದು ಹಿರಿಯ ಮಗ ಕೇಳಿದ.

“ಅವರಿಗೆ ಬೇಕಾದಷ್ಟು ಆಗಿದೆಯಂತೆ” ಎಂದಿತು ತಂದೆಯ ಉತ್ತರ. ಹುಡುಗನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ಮಠದೊಳಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಎದುರಿಗಿರುವ ‘ಇನ್ ದೆ ವ್ರೇದೆ’ ಎಂಬ ಉಪಾಹಾರಗೃಹದಲ್ಲಿ ಮಠದ ಬಿಯರೂ ಚೀಸೂ ದೊರೆಯುತ್ತವೆ. ಆ ಹೆಸರಿನ ಅರ್ಥ ‘ಶಾಂತಿಯಲ್ಲಿ’ ಎಂದು. ಶನಿವಾರದ ಮಧ್ಯಾಹ್ನ ಅಲ್ಲಿ ಶಾಂತಿಯೊಂದನ್ನುಳಿದು ಎಲ್ಲವೂ ಇತ್ತು! ಅಜ್ಜಿ ಅಗಲಬಾಯಿಯ ಲೋಟದಲ್ಲಿ ಕಡುಕಂದು ಬಣ್ಣದ ‘12’ನ್ನು ಗುಟುಕು ಗುಟುಕಾಗಿ ಹೀರಿದಳು, ನೂರಕ್ಕೆ ಹತ್ತರಷ್ಟು ಮದ್ಯಸಾರವುಳ್ಳ ಅದನ್ನು ಆತುರದಿಂದ ಕುಡಿಯುವಂತಿಲ್ಲ. ಮಕ್ಕಳಿಗೆ ಸೇಬಿನ ರಸ, ಕಾರು ನಡೆಸಬೇಕಾದ ತಂದೆಗೆ ಕಾಫಿ. ಆತ ಅಜ್ಜಿಯ ಲೋಟವನ್ನು ನೋಡಿದ ನೋಟದಲ್ಲಿ ತ್ಯಾಗದ ಭಾವ ತುಸು ಹೆಚ್ಚಾಗಿಯೇ ಇತ್ತು.

ಅಷ್ಟರಲ್ಲಿ ಗೋಡೆಯಾಚೆ ಪ್ರಾರ್ಥನೆಯ ಗಂಟೆ ಬಾರಿಸಿತು. ಕ್ಷಣಕಾಲ ಮಾತು ತಗ್ಗಿತು. ಮತ್ತೆ ಲೋಟಗಳ ಸದ್ದು. ಅಜ್ಜಿ ಲೋಟದ ತಳದಲ್ಲಿ ಎರಡು ಗುಟುಕನ್ನು ಹಾಗೆಯೇ ಬಿಟ್ಟು ಎದ್ದಳು. ಮಕ್ಕಳು ಆಗಲೇ ಕಾರಿನ ಕಡೆಗೆ ಓಡುತ್ತಿದ್ದರು.